ಸಂಬಳ ಏರಿದರೂ ನೆಮ್ಮದಿ ಏಕಿಲ್ಲ? ಹಣ ಮತ್ತು ಸಂತೋಷದ ಲೆಕ್ಕ ಹೀಗಿದೆ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕಾಗ ಊರಿಗೆಲ್ಲ ಸಿಹಿ ಹಂಚಿದವರೇ, ಎರಡನೇ ಇನ್‌ಕ್ರಿಮೆಂಟ್ ಬರುವ ಹೊತ್ತಿಗೆ 'ಯಾಕೋ ಮನಸ್ಸಿಗೆ ಸಮಾಧಾನವೇ ಇಲ್ಲ' ಎನ್ನುತ್ತಾರೆ. ಹಾಗಾದರೆ ಹಣದಿಂದ ಸಂತೋಷ ಸಿಗುವುದಿಲ್ಲವೇ? ಸಂಶೋಧಕರು ಕೊಡುವ ಉತ್ತರ ಅಷ್ಟು ಸರಳವಾಗಿಲ್ಲ.

ಹಣವೂ ಬೇಕು, ಆದರೆ...

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ಆದಾಯ ದಾಟಿದ ಮೇಲೆ ದಿನನಿತ್ಯದ ಸಂತೋಷ ಹೆಚ್ಚುವುದಿಲ್ಲ ಎಂದು ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಹೇಳಿದ್ದರು. ಆದಾಯ ಏರಿದಂತೆ ಸಂತೋಷವೂ ಏರುತ್ತಲೇ ಇರುತ್ತದೆ ಎಂದು 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ವಾದಿಸಿದರು. ಆಮೇಲೆ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಜಗಳವಾಡದೆ ಜತೆಯಾಗಿಯೇ ಅಂಕಿಅಂಶಗಳನ್ನು ಮತ್ತೆ ನೋಡಿದರು.

2023ರಲ್ಲಿ ಬಂದ ಉತ್ತರ ಕುತೂಹಲಕಾರಿ. ಹೆಚ್ಚಿನವರಲ್ಲಿ ಆದಾಯದ ಜತೆ ಸಂತೋಷವೂ ಹೆಚ್ಚುತ್ತದೆ. ಆದರೆ ಈಗಾಗಲೇ ತೀರಾ ನೊಂದಿರುವ ಗುಂಪಿನಲ್ಲಿ ಸುಮಾರು 1 ಲಕ್ಷ ಡಾಲರ್ ನಂತರ ಹಣದಿಂದ ನೋವು ಕಡಿಮೆಯಾಗುವುದು ನಿಂತುಹೋಗುತ್ತದೆ. ಬಾಡಿಗೆ, ಸಾಲ, ಆಸ್ಪತ್ರೆ ಬಿಲ್ಲಿನ ಚಿಂತೆಯನ್ನು ಹಣ ನೀಗಿಸಬಲ್ಲದು. ಅಗಲಿಕೆ, ಒಡೆದ ಮನಸ್ಸು, ಖಿನ್ನತೆಗೆ ಅದು ಮದ್ದಲ್ಲ.

10 ಸಾವಿರದ ಬೆಲೆ ಎಲ್ಲರಿಗೂ ಒಂದೇ ಅಲ್ಲ

ತಿಂಗಳಿಗೆ 20 ಸಾವಿರ ದುಡಿಯುವವರಿಗೆ 10 ಸಾವಿರ ಹೆಚ್ಚಾದರೆ ಮನೆಯ ಸ್ಥಿತಿಯೇ ಬದಲಾಗುತ್ತದೆ. 2 ಲಕ್ಷ ಪಡೆಯುವವರಿಗೆ ಅದು ಗೊತ್ತೇ ಆಗದಿರಬಹುದು. ಜತೆಗೆ ಹೊಸ ಫೋನು, ಹೊಸ ಕಾರು ಕೆಲವೇ ತಿಂಗಳಲ್ಲಿ ಮಾಮೂಲಾಗಿಬಿಡುತ್ತದೆ. ಪಕ್ಕದ ಫ್ಲಾಟಿನವರು ಅದಕ್ಕಿಂತ ದೊಡ್ಡದು ತಂದರಂತೂ ಇದ್ದ ಖುಷಿಯೂ ಮಾಯ.

85 ವರ್ಷಗಳ ಅಧ್ಯಯನ ಹೇಳಿದ್ದೇನು?

ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು 1938ರಲ್ಲಿ ಶುರುವಾಗಿ 724 ಪುರುಷರ ಬದುಕನ್ನು ದಶಕಗಳ ಕಾಲ ಗಮನಿಸಿದೆ. ಅವರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳೂ ಇದ್ದರು, ಬಾಸ್ಟನ್ನಿನ ಬಡ ಬಡಾವಣೆಗಳ ಹುಡುಗರೂ ಇದ್ದರು. ಇಳಿವಯಸ್ಸಿನಲ್ಲಿ ಯಾರು ಆರೋಗ್ಯವಾಗಿ, ಖುಷಿಯಾಗಿ ಇರುತ್ತಾರೆ ಎಂಬುದನ್ನು 50ರ ವಯಸ್ಸಿನ ಕೊಲೆಸ್ಟ್ರಾಲ್‌ಗಿಂತ ಆಗ ಅವರಿಗಿದ್ದ ಆಪ್ತ ಸಂಬಂಧಗಳೇ ಚೆನ್ನಾಗಿ ಹೇಳಿದವು ಎನ್ನುತ್ತಾರೆ ಅಧ್ಯಯನದ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್.

ನಾವೇನು ಮಾಡಬಹುದು?

ಊರು ಬಿಟ್ಟು ಬಂದವರಿಗೆ ಈ ಮಾತು ಹೆಚ್ಚು ತಟ್ಟುತ್ತದೆ. ಹೆಚ್ಚು ಸಂಬಳದ ಕೆಲಸ ಒಪ್ಪುವ ಮುನ್ನ ಅದು ಕಿತ್ತುಕೊಳ್ಳುವ ಸಮಯವನ್ನೂ ಲೆಕ್ಕ ಹಾಕಿ. ಅಮ್ಮನಿಗೆ ಹಣ ಕಳಿಸಿದ ದಿನ ಹತ್ತು ನಿಮಿಷ ಮಾತನ್ನೂ ಆಡಿ. ಮಾತು ಬಿಟ್ಟುಹೋದ ಗೆಳೆಯನಿಗೆ ನೀವೇ ಮೊದಲು ಫೋನ್ ಮಾಡಿ.

ಬೇಸರ ವಾರಗಟ್ಟಲೆ ಬಿಡದಿದ್ದರೆ ಮುಂದಿನ ಇನ್‌ಕ್ರಿಮೆಂಟ್‌ಗೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.