ಹಕ್ಕಿ ತೋರಿಸುವವರ ಬಸ್ ಚಾರ್ಜು ಯಾರ ಲೆಕ್ಕಕ್ಕೆ?

ಕುಂದಗೋಳ ದಾಟಿ ಗುಡಗೇರಿ ಕಡೆ ಹೊರಟರೆ ಸಂಶಿ. ಸುತ್ತ ಎರಿ ಹೊಲ. ಕಡಲೆ, ಜೋಳ, ಹತ್ತಿ, ಮೆಣಸಿನಕಾಯಿ. ನಿಸರ್ಗ ನೋಡಲು ದಾಂಡೇಲಿಗೇ ಹೋಗಬೇಕು ಎಂದು ನಂಬಿದವರಿಗೆ ಇಲ್ಲೇನೂ ಕಾಣುವುದಿಲ್ಲ. ಚಳಿಗಾಲದಲ್ಲಿ ಹಿಂಗಾರಿ ಪೈರಿನ ಮೇಲೆ ತಗ್ಗಿನಲ್ಲಿ ತೇಲಿಹೋಗುವ ಸೆಳೆವ ಹಕ್ಕಿ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದದ್ದು ಎಂದು ಯಾರಾದರೂ ಪಕ್ಕದಲ್ಲಿ ನಿಂತು ಹೇಳುವವರೆಗೆ ಅದು ಬರೀ ಹದ್ದು.

ಪಕ್ಕದಲ್ಲಿ ನಿಂತು ಹೇಳುವುದೇ ಹಕ್ಕಿ ಗುರುತಿಸುವ ವಿದ್ಯೆಯ ಜೀವ. ಸೆಳೆವಗಳಲ್ಲೇ ಹಲವು ಬಗೆ. ಅವುಗಳ ಹೆಣ್ಣುಗಳೋ ಹೆಚ್ಚುಕಡಿಮೆ ಒಂದೇ ಕಂದು. ಪುಸ್ತಕ ತೆರೆಯುವಷ್ಟರಲ್ಲಿ ಹಕ್ಕಿ ಹೊಲ ದಾಟಿರುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹಳಬರು ಹೊಸಬರನ್ನು ಕರೆದುಕೊಂಡು ಸುತ್ತುವ ರೂಢಿ 1970ರ ದಶಕದಿಂದ ಬಂದಿದೆ. ಅಲ್ಲಿ ವಿಜ್ಞಾನಿಗಳಿದ್ದಾರೆ, ನಿವೃತ್ತರಿದ್ದಾರೆ, ಪುಕ್ಕಟೆ ಹೇಳಿಕೊಟ್ಟರೂ ನಡೆಯುತ್ತದೆ. ಸಂಶಿಯ ಶಾಲೆಗೆ ಧಾರವಾಡದಿಂದ ಒಬ್ಬರು ಬರಬೇಕೆಂದರೆ ಒಂದು ದಿನ ಹೋಯಿತು, ಬಸ್ ಚಾರ್ಜು ಬೇರೆ.

ಹಣ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಯುವ ಮತ್ತು ಇಕೋ ಕ್ಲಬ್ಬಿಗೆ ವರ್ಷಕ್ಕೆ 25,000 ರೂಪಾಯಿವರೆಗೆ ಕೊಡಲು ಅವಕಾಶವಿದೆ. ಇನ್ನೊಂದು ಬಾಗಿಲು ಪಂಚಾಯಿತಿಯಲ್ಲೇ ಇದೆ, ಹೆಸರು ಕೇಳಿದವರು ಕಡಿಮೆ: ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇದು ಇರಲೇಬೇಕೆನ್ನುತ್ತದೆ. 2004ರ ಕೇಂದ್ರ ನಿಯಮಗಳಲ್ಲಿ ಅಧ್ಯಕ್ಷರ ಜತೆ ಆರು ಮಂದಿಯವರೆಗೆ ಸದಸ್ಯರು, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಎಂದಿತ್ತು. ಊರಿನ ಗಿಡ, ಪ್ರಾಣಿ, ಬೆಳೆ ತಳಿ, ಬಲ್ಲವರ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸುವುದು ಅದರ ಮುಖ್ಯ ಕೆಲಸ. ಇಂಥ ದಾಖಲಾತಿಯ ಕಲ್ಪನೆಯನ್ನು 1990ರ ದಶಕದಲ್ಲಿ ಬೆಳೆಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಜತೆಗಾರರು. ಜಯಧರ ಹತ್ತಿ, ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯಂಥವಕ್ಕೂ ಅದರಲ್ಲಿ ಜಾಗವುಂಟು. ಕುಂದಗೋಳದ ಕಡೆಯವರಿಗೆ ಬರೆಸಲು ವಿಷಯದ ಬರವಿಲ್ಲ.

ಸಮಿತಿಗೊಂದು ಸ್ಥಳೀಯ ಜೀವವೈವಿಧ್ಯ ನಿಧಿಯನ್ನೂ ಕಾಯ್ದೆ ಹೇಳಿದೆ. ಅದನ್ನು ಜೀವವೈವಿಧ್ಯದ ರಕ್ಷಣೆಗೆ, ಉತ್ತೇಜನಕ್ಕೆ ಬಳಸಬೇಕು. ತೊಡಕಿರುವುದು ಇಲ್ಲಿ. ಫಲಕಕ್ಕೆ, ಸಸಿಗೆ, ದಾಖಲಾತಿಯ ಮುದ್ರಣಕ್ಕೆ ರಸೀದಿ ಸಿಗುತ್ತದೆ. ಹುಲ್ಲಿನ ಜಾತಿಗಳನ್ನು ಮೇವಿನ ಲೆಕ್ಕದಲ್ಲಿ ಬಲ್ಲ ಕುರಿಗಾರ ಅರ್ಧ ದಿನ ಮಂದೆ ಬಿಟ್ಟು ಹುಡುಗರಿಗೆ ಹೇಳಿಕೊಟ್ಟರೆ ಅವನ ಕೂಲಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ನನ್ನನ್ನು ಕೇಳಿದರೆ ಮೊದಲ ಖರ್ಚು ಅದೇ ಆಗಬೇಕು. ಬರೆದುಕೊಂಡು ಹೋಗಲು ಬರುವವರಿಗಿಂತ ಬರೆಸುವವರೇ ಇಲ್ಲಿ ಮೇಷ್ಟ್ರು.

ಕಲಿಸುವುದಕ್ಕೇ ದುಡ್ಡು ಕೊಡುವುದು ವಿಚಿತ್ರವೇನಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2014ರಲ್ಲಿ ಲಾಟರಿ ನಿಧಿಯ ನೆರವಿನಿಂದ ಒಂದು ಯೋಜನೆ ತೆಗೆದು, ಮೂರು ತಂಡಗಳಲ್ಲಿ 15 ಮಂದಿಗೆ ಭತ್ಯೆ ಕೊಟ್ಟು ಜೀವಿಗಳ ಗುರುತು ಹಿಡಿಯುವುದನ್ನು ಕಲಿಸಿತು. ಅವರು ಮುಂದೆ ಬೇರೆಯವರಿಗೆ ಕಲಿಸಬೇಕು ಎಂಬುದೇ ಉದ್ದೇಶ. ನಮ್ಮಲ್ಲಿ ಲಾಟರಿ ಬೇಕಿಲ್ಲ, ಗ್ರಾಮಸಭೆಯ ಠರಾವು ಸಾಕು.

ಆರಂಭಕ್ಕೆ ಮಾಗಡಿ ಕೆರೆ ಒಳ್ಳೆಯ ಜಾಗ. ಲಕ್ಷ್ಮೇಶ್ವರ ದಾಟಿದರೆ ಸಿಗುವ ಈ ಕೆರೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎಂಬ ರಾಮ್ಸಾರ್ ಮನ್ನಣೆ ಬಂತು. ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ದಣಿವಾರಿಸಿಕೊಂಡು ಸುತ್ತಲ ಹೊಲಗಳಿಗೆ ಮೇಯಲು ಹಾರುತ್ತವೆ. ಹಕ್ಕಿ ದೊಡ್ಡದು, ತಲೆಯ ಮೇಲೆ ಕಪ್ಪು ಪಟ್ಟಿ ಎರಡು, ಹೊಸಬರು ತಪ್ಪಿ ಹೇಳುವ ಭಯವಿಲ್ಲ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಇಕೋ ಕ್ಲಬ್ಬಿನ ಹುಡುಗರನ್ನು ಆ ದಿನಗಳಲ್ಲಿ ಕರೆದೊಯ್ಯಬೇಕೆಂದರೆ ವಾಹನದ ಬಾಡಿಗೆ, ಒಂದೆರಡು ಬೈನಾಕ್ಯುಲರ್, ಜತೆಗೆ ಬರುವವರ ಸಂಭಾವನೆ ಇವನ್ನು ಡಿಸೆಂಬರಿನೊಳಗೆ ಸಮಿತಿಯ ನಡಾವಳಿಯಲ್ಲಿ ಬರೆಸಿರಬೇಕು.