ಟಿಡಿಎಸ್ ಮೀಟರಿಗೆ ಪೆಟ್ರೋಲ್ ಕಾಣುವುದಿಲ್ಲ

ಹೈದರಾಬಾದಿನ ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ಮಂಜೀರಾ ನೀರು (ನಮ್ಮ ಬೀದರಿನ ಮಾಂಜ್ರಾ ನದಿಯದೇ) ಬಾರದ ದಿನ ಬೋರ್, ಬೋರ್ ಬತ್ತಿದರೆ ಟ್ಯಾಂಕರ್. ನೀರಿನ ಮೇಲೆ ಅನುಮಾನ ಬಂದಾಗಲೆಲ್ಲ ಯಾರಾದರೊಬ್ಬರು ಪೆನ್ನಿನಂಥ ಟಿಡಿಎಸ್ ಮೀಟರ್ ತಂದು ಲೋಟದಲ್ಲಿ ಅದ್ದುತ್ತಾರೆ. "ಮುನ್ನೂರ ಇಪ್ಪತ್ತು, ಏನೂ ತೊಂದರೆಯಿಲ್ಲ ಸಾರ್." ಅಲ್ಲಿಗೆ ಮಾತು ಮುಗಿಯಿತು. ಪಕ್ಕದ ಬಂಕಿನ ನೆಲದಡಿಯ ಟ್ಯಾಂಕ್ ಸೋರಿ ಪೆಟ್ರೋಲ್ ಬೋರಿಗೆ ಇಳಿದಿದೆಯೇ ಎಂದು ಕೇಳಿದರೆ ಆ ಮೀಟರಿನ ಬಳಿ ಉತ್ತರವಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರಿಂದ ಅದು ಕರಗಿದ ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೆ. ಪೆಟ್ರೋಲಿನಲ್ಲಿರುವ ಬೆಂಜೀನ್ ಲವಣವಲ್ಲ, ಮೀಟರಿನ ಅಂಕಿಯನ್ನು ಅದು ಅಲುಗಿಸುವುದೂ ಇಲ್ಲ.

"ಸೋರಿದ್ದರೆ ವಾಸನೆ ಬರುತ್ತಿರಲಿಲ್ಲವೇ?" ಪಟಾನ್‌ಚೆರುವಿನ ಕಾರ್ಖಾನೆ ನೀರನ್ನು ಕಂಡವರಿಗೆ ಮಾಲಿನ್ಯವೆಂದರೆ ಬಣ್ಣ, ನಾತ. ಬೆಂಜೀನ್ ಹಾಗಲ್ಲ. ಕ್ಯಾನ್ಸರ್ ತರುವ ಈ ವಸ್ತುವಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 0.01 ಮಿಲಿಗ್ರಾಂ; ಮೂಗಿಗೆ ಗೊತ್ತಾಗಬೇಕಾದರೆ ಅದರ ಎಷ್ಟೋ ಪಟ್ಟು ಬೇಕು. ಒಂದು ಲೆಕ್ಕ ಹಾಕಿ ನೋಡಿ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಅಂದರೆ ಲೀಟರಿಗೆ ಸುಮಾರು 9 ಗ್ರಾಂ. ಅಷ್ಟೂ ನೀರಿಗೆ ಸೇರಿದರೆ 9 ಲಕ್ಷ ಲೀಟರ್ ನೀರು ಮಿತಿ ಮುಟ್ಟುತ್ತದೆ: 10 ಸಾವಿರ ಲೀಟರಿನ 90 ಟ್ಯಾಂಕರ್! ನಿಜದಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಮಣ್ಣಿನ ಬ್ಯಾಕ್ಟೀರಿಯಾ ತಿಂದುಹಾಕುತ್ತವೆ. ಆದರೂ ಸೋರುವುದು ಒಂದೇ ಲೀಟರಿಗೆ ನಿಲ್ಲುತ್ತದೆಯೇ?

"ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ನಮ್ಮ ಬೋರ್ ಸಾವಿರ ಅಡಿ." ತೇಲುವುದು ನಿಜ. ಆದರೆ ಬೆಂಜೀನಿನಂಥವು ಕರಗಿ ನೀರಿನ ಜೊತೆಗೇ ಹೊರಡುತ್ತವೆ. ಹೈದರಾಬಾದಿನ ನೆಲ ಮೇಲೆ ಗರಸು, ಕೆಳಗೆ ಗ್ರಾನೈಟ್. ಬಂಡೆಯೊಳಗೆ ನೀರಿಗೆ ದಾರಿ ಬಿರುಕುಗಳದ್ದು ಮಾತ್ರ. ಕೇಸಿಂಗ್ ಪೈಪು ಸಾಮಾನ್ಯವಾಗಿ ಗಟ್ಟಿ ಬಂಡೆ ಸಿಗುವವರೆಗಷ್ಟೇ ಇಳಿದಿರುತ್ತದೆ. ಅದರ ಕೆಳಗೆ ಬೋರಿನ ಗೋಡೆ ಬರಿ ಕಲ್ಲು. ಎಲ್ಲರೂ ಪಂಪು ಹಾಕಿ ಎಳೆಯುತ್ತಿದ್ದರೆ ಮೇಲಿನ ನೀರೂ ಬಿರುಕು ಹಿಡಿದು ಕೆಳಗಿಳಿಯುತ್ತದೆ. 1996ರಲ್ಲಿ ಅಮೆರಿಕದ ಸಾಂಟಾ ಮೋನಿಕಾ ನಗರ, ಸೋರಿದ ಟ್ಯಾಂಕುಗಳಿಂದ ಬಂದ ಎಂಟಿಬಿಇ ಎಂಬ, ಪೆಟ್ರೋಲಿಗೆ ಬೆರೆಸುತ್ತಿದ್ದ ರಾಸಾಯನಿಕದಿಂದಾಗಿ ಕುಡಿಯುವ ನೀರಿನ ಬಾವಿಗಳನ್ನೇ ಮುಚ್ಚಬೇಕಾಯಿತು.

ಬಂಕ್ 50 ಮೀಟರ್ ದೂರವಿದೆಯಲ್ಲ ಎಂಬ ಸಮಾಧಾನವೂ ಉಂಟು. ಹೊಸ ಬಂಕುಗಳನ್ನು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇಡಬೇಕು, ಜಾಗವಿಲ್ಲದಿದ್ದರೆ ಹೆಚ್ಚಿನ ಸುರಕ್ಷತೆಯೊಂದಿಗೆ 30 ಮೀಟರಿಗಿಂತ ಕಡಿಮೆಯಿಲ್ಲದಂತೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೇಳಿತು. ಬಿರುಕು ಟೇಪು ಹಿಡಿದು ಅಳೆದುಕೊಂಡು ಸಾಗುವುದಿಲ್ಲ.

"ಸೋರಿದರೆ ಬಂಕಿನವನಿಗೇ ನಷ್ಟ, ಮೊದಲು ಅವನಿಗೇ ತಿಳಿಯುತ್ತದೆ" ಎಂಬುದು ಕೇಳಲು ಸರಿಯೆನಿಸುವ ಮಾತು. ಡಿಪ್ ರಾಡ್ ಇಳಿಸಿ ದಿನಾ ಸ್ಟಾಕ್ ನೋಡುತ್ತಾರೆ, ಹೌದು. ಆದರೆ ಟ್ಯಾಂಕಿನಲ್ಲಿ 15 ಸಾವಿರ ಲೀಟರ್ ಪೆಟ್ರೋಲ್ ಇದ್ದು ಒಂದೇ ಡಿಗ್ರಿ ತಂಪಾದರೂ ಸುಮಾರು 15 ಲೀಟರ್ ಕುಗ್ಗುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ಸುಮಾರು 4 ಲೀಟರ್. ಆ ಏರಿಳಿತದಲ್ಲಿ ಇದು ಸುಲಭವಾಗಿ ಮರೆಯಾಗುತ್ತದೆ. ವರ್ಷಕ್ಕೆ ಅದೇ ಸುಮಾರು 1,500 ಲೀಟರ್ ಆಗುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲ್ ಸಾಧು ಎಂದುಕೊಳ್ಳಬೇಡಿ. ಬ್ಯಾಕ್ಟೀರಿಯಾಗಳು ಮೊದಲು ಎಥೆನಾಲನ್ನೇ ತಿಂದು ಆಮ್ಲಜನಕ ಮುಗಿಸುತ್ತವೆ. ಉಳಿದ ಬೆಂಜೀನ್ ಇನ್ನಷ್ಟು ದೂರ ಸಾಗಬಹುದು. ನೀರು ಕುದಿಸಿದರೆ ಅದು ಅಡುಗೆಮನೆಯ ಗಾಳಿಗೆ ಬರುತ್ತದೆ. ಆರ್‌ಒ ಯಂತ್ರದಲ್ಲಿ ಇದನ್ನು ಹಿಡಿಯುವುದು ಮುಖ್ಯವಾಗಿ ಕಾರ್ಬನ್ ಫಿಲ್ಟರ್, ಅದೂ ತುಂಬಿಕೊಳ್ಳುವವರೆಗೆ.

ಹಾಗಾದರೆ ಪತ್ತೆ ಹೇಗೆ? ಮೊದಲು ಟ್ಯಾಂಕಿನ ವಯಸ್ಸು, ಸ್ಟಾಕ್ ಪುಸ್ತಕ, ಪೈಪಿನ ಜೋಡಣೆ. ಸೋರಿಕೆ ಎಷ್ಟೋ ಸಲ ಟ್ಯಾಂಕಿಗಿಂತ ಪೈಪಿನ ಕೀಲಿನಲ್ಲಿರುತ್ತದೆ. ಆಮೇಲೆ ಗರಸಿನಲ್ಲಿ ತೂತು ಕೊರೆದು ಆವಿ ಅಳೆಯುವುದು, ಬೇರೆ ಬೇರೆ ಆಳದ ಮಣ್ಣು ತೆಗೆಯುವುದು. ನೀರು ಯಾವ ಕಡೆ ಸರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿಗಳ ಮಟ್ಟ ಬೇಕು, ಒಂದೇ ಬೋರಿನ ವರದಿ ಸಾಲದು.

ನಾವು ಎಡವುವುದು ಸ್ಯಾಂಪಲ್ ತೆಗೆಯುವಾಗ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಳೆಯ ಮಿನರಲ್ ವಾಟರ್ ಬಾಟಲಿಗೆ ಅರ್ಧ ತುಂಬಿ ಲ್ಯಾಬಿಗೆ ಕಳಿಸಿದರೆ ವರದಿ ಚೊಕ್ಕವಾಗಿಯೇ ಬರುತ್ತದೆ, ಏಕೆಂದರೆ ಹುಡುಕುತ್ತಿದ್ದುದು ಅಷ್ಟರಲ್ಲಿ ಗಾಳಿಗೆ ಹೋಗಿರುತ್ತದೆ. ಬೋರಿನ ಬಾಯಲ್ಲೇ ಹಿಡಿಯಬೇಕು. 40 ಮಿಲಿಯ ಗಾಜಿನ ಸೀಸೆಗೆ ನೀರನ್ನು ನಿಧಾನವಾಗಿ ಬಿಡಬೇಕು, ಅದು ಬಾಯ ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು. ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಬೇಕು. ಗುಳ್ಳೆ ಇಲ್ಲದಿದ್ದರೆ ನೇರ ಐಸ್ ಪೆಟ್ಟಿಗೆಗೆ. ಒಂದು ಗುಳ್ಳೆ ಎದ್ದರೂ ಆ ಸೀಸೆ ಬದಿಗಿಟ್ಟು ಹೊಸದರಲ್ಲಿ ಮತ್ತೆ ತುಂಬಬೇಕು.