ಸೊನ್ನೆಯ ಭಾಗಾಕಾರವೂ ಶರಣರ ಶೂನ್ಯವೂ

ತುಮಕೂರಿನ ಶೆಟ್ಟಿಹಳ್ಳಿಗೆ ಗೂಳೂರು ಬಹುದೂರದ ಊರಲ್ಲ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ಅಣಿಗೊಳಿಸಿದ ಸಿದ್ಧವೀರಣ್ಣೊಡೆಯರ ಹೆಸರಿನೊಡನೆ ಆ ಊರು ಬೆಸೆದುಕೊಂಡಿದೆ. ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಗೆ ಸೇರಿದವರು ಅವರು. ಇಂತಹ ನೆಲದಲ್ಲಿ ಶೂನ್ಯವೆಂಬ ಪದ ಕಿವಿಗೆ ಬಿದ್ದೊಡನೆ ಭಕ್ತರ ಮನಸ್ಸು ಅಲ್ಲಮಪ್ರಭುವಿನತ್ತ ಹರಿಯುವುದು ಸಹಜ. ಶಾಲೆಯ ಮಕ್ಕಳಿಗೆ ಅದೇ ಪದ ಬರಿಯ ಸೊನ್ನೆ. ಇವೆರಡೂ ಒಂದೇ, ಗಣಿತದ ಸೊನ್ನೆಯನ್ನೇ ಶರಣರು ತತ್ತ್ವಕ್ಕೇರಿಸಿದರು ಎಂದು ಉಪನ್ಯಾಸಗಳಲ್ಲಿ ಹೇಳುವ ವಾಡಿಕೆಯುಂಟು. ಆ ಮಾತನ್ನು ಒಪ್ಪುವ ಮುನ್ನ, ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ ಎಂಬ ಹಳೆಯ ಪ್ರಶ್ನೆಯನ್ನು ಪರಿಶೀಲಿಸುವುದು ಉಚಿತ.

ಕ್ರಿ.ಶ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಸೊನ್ನೆಯ ಸಂಕಲನ, ವ್ಯವಕಲನ, ಗುಣಾಕಾರಗಳಿಗೆ ನಿಯಮಗಳನ್ನು ವಿಧಿಸಿದನು. ಭಾಗಾಕಾರದಲ್ಲಿ ಮಾತ್ರ ತೊಡಕಿಗೆ ಸಿಕ್ಕಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದುಬಿಟ್ಟನು. ಎರಡು ಶತಮಾನಗಳ ತರುವಾಯ ಈ ತೊಡಕು ಕನ್ನಡನಾಡಿನಲ್ಲಿ ಮತ್ತೆ ತಲೆದೋರಿತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯನ್ನು ಗಣಿತಸಾರಸಂಗ್ರಹದ ಆದಿಯಲ್ಲಿಟ್ಟ ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಒಂದೇ ಶ್ಲೋಕದೊಳಗೆ ಎರಡು ಮಾತು ಹೇಳಿದನು: ಯಾವ ರಾಶಿಯನ್ನೇ ಆಗಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ರಾಶಿಯು ಇದ್ದಂತೆಯೇ ಇರುತ್ತದೆ.

ಎರಡನೆಯ ಮಾತಿಗಾಗಿ ಆಚಾರ್ಯನನ್ನು ಅಲ್ಲಗಳೆಯುವುದು ಸುಲಭ. ಅದರ ಬೆನ್ನಿಗೆ ಒಂದು ಲೋಕಾನುಭವವಿದೆಯೆಂಬುದನ್ನು ಮರೆಯಬಾರದು. ಶೆಟ್ಟಿಹಳ್ಳಿಯ ಮನೆಯೊಂದರ ಜಗಲಿಯ ಮೇಲೆ 12 ತೆಂಗಿನಕಾಯಿಗಳಿವೆಯೆನ್ನೋಣ. ಮೂವರು ಬಂದರೆ ತಲೆಗೆ ನಾಲ್ಕು, ಇಬ್ಬರಾದರೆ ಆರು. ಯಾರೂ ಬಾರದಿದ್ದರೆ? ಕಾಯಿಗಳು ಹನ್ನೆರಡಾಗಿಯೇ ಜಗಲಿಯ ಮೇಲೆ ಉಳಿಯುತ್ತವೆ. ವ್ಯವಹಾರಕ್ಕೆ ಈ ಉತ್ತರ ಸಾಕು, ಗಣಿತಕ್ಕೆ ಸಾಲದು. ಉಳಿದ ಕಾಯಿ ಬೇರೆ, ತಲೆಗೆ ಬಂದ ಪಾಲು ಬೇರೆ. ಭಾಗಾಕಾರವು ಕೇಳುವುದು ಪಾಲನ್ನು. ಪಾಲನ್ನು ತಲೆಗಳ ಎಣಿಕೆಯಿಂದ ಗುಣಿಸಿದರೆ ಮೊದಲಿನ ರಾಶಿ ಮರಳಿ ಬರಬೇಕು. ಹನ್ನೆರಡನ್ನು ಸೊನ್ನೆಯಿಂದ ಗುಣಿಸಿದರೆ ಬರುವುದು ಸೊನ್ನೆಯೆಂದು ಅದೇ ಶ್ಲೋಕ ಸಾರಿದೆ. ಆಚಾರ್ಯನ ಮೊದಲ ಮಾತೇ ಎರಡನೆಯದನ್ನು ನಿಲ್ಲಗೊಡುವುದಿಲ್ಲ.

1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನು ಬೇರೆ ದಾರಿ ಹಿಡಿದನು. ಅದನ್ನು ತಿಳಿಯಲು ಅವೇ ಕಾಯಿಗಳು ಸಾಕು. ಅರ್ಧ ಕಾಯಿಗೊಂದು ಪಾಲಿನಂತೆ ಹಂಚಿದರೆ 24 ಪಾಲು. ನೂರರಲ್ಲೊಂದಂಶದಂತೆ ಹಂಚಿದರೆ 1,200. ಪಾಲು ಕಿರಿದಾದಷ್ಟೂ ಎಣಿಕೆ ಹಿರಿದಾಗುತ್ತದೆ. ಪಾಲು ಸೊನ್ನೆಯೇ ಆದರೆ ಎಣಿಕೆಗೆ ಮೇರೆಯಿಲ್ಲ. ಸೊನ್ನೆಯೇ ಭಾಜಕವಾಗಿರುವ ರಾಶಿಯನ್ನು ಆತನು ಖಹರವೆಂದು ಕರೆದನು. ಜೀವರಾಶಿಗಳು ಪ್ರಳಯದಲ್ಲಿ ಒಳಸೇರಿದರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ವಿಕಾರವಿಲ್ಲದಂತೆ, ಖಹರಕ್ಕೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದು ಬೀಜಗಣಿತದಲ್ಲಿ ವಿವರಿಸಿದನು. ಉಪಮೆ ಮನೋಹರವಾಗಿದೆ, ಆದರೆ ಉಪಮೆಯು ಪ್ರಮಾಣವಲ್ಲ. ಹನ್ನೆರಡಕ್ಕೂ ಐದಕ್ಕೂ ಖಹರ ಒಂದೇ ಆದರೆ, ಅದನ್ನು ಸೊನ್ನೆಯಿಂದ ಗುಣಿಸಿದಾಗ ಮರಳಿ ಬರಬೇಕಾದುದು ಹನ್ನೆರಡೋ ಐದೋ? ಭಾಸ್ಕರನಿಗೆ ಇದರ ಸುಳಿವು ಇದ್ದಂತೆ ತೋರುತ್ತದೆ. ಮುಂದೆ ಲೆಕ್ಕ ಬಾಕಿಯಿರುವಾಗ ಸೊನ್ನೆಯಿಂದ ಗುಣಿಸಿದ ರಾಶಿಯನ್ನು ಕೂಡಲೇ ಅಳಿಸದೆ ಹಾಗೆಯೇ ಇಟ್ಟುಕೊಳ್ಳಬೇಕೆಂದು ಲೀಲಾವತಿಯಲ್ಲಿ ಆತನು ಎಚ್ಚರಿಸುತ್ತಾನೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63. ಆ ಸಂಖ್ಯೆ ಯಾವುದೆಂಬುದು ಅಲ್ಲಿನ ಲೆಕ್ಕ, 14 ಎಂಬುದು ಉತ್ತರ. ಸೊನ್ನೆಯ ಸ್ಥಾನದಲ್ಲಿ ಸೊನ್ನೆಯತ್ತ ಸರಿಯುತ್ತಿರುವ ಅತ್ಯಲ್ಪ ರಾಶಿಯನ್ನಿಟ್ಟರೆ ಈ ಉತ್ತರ ನಿರ್ದುಷ್ಟವಾಗಿದೆ. ಯುರೋಪಿನಲ್ಲಿ ನ್ಯೂಟನ್, ಲೈಬ್ನಿಟ್ಸರು ಇಂತಹ ಅಲ್ಪರಾಶಿಗಳನ್ನು ಬಳಸಿದುದು ಹದಿನೇಳನೆಯ ಶತಮಾನದಲ್ಲಿ. ಅದಕ್ಕೆ ಭದ್ರವಾದ ತರ್ಕ ದೊರೆತುದು ಹತ್ತೊಂಬತ್ತನೆಯದರಲ್ಲಿ.

ಸಾಮಾನ್ಯ ಅಂಕಗಣಿತವು ಇಂದು ಈ ಪ್ರಶ್ನೆಯನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿದುದಕ್ಕೆ ತಕ್ಕ ಸಂಖ್ಯೆ ಒಂದೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದುದಕ್ಕೆ ಎಲ್ಲ ಸಂಖ್ಯೆಗಳೂ ತಕ್ಕವೇ. ಅಂಗಡಿಯ ಕ್ಯಾಲ್ಕುಲೇಟರು ತಪ್ಪೆಂದು ತೋರಿಸಿ ಸುಮ್ಮನಾಗುತ್ತದೆ.

ಹೀಗೆ ಗಣಿತದ ಸೊನ್ನೆಯು ಎಣಿಕೆಯೊಳಗಿನ ಒಂದು ಸಂಖ್ಯೆ. ಋಣ ಧನ ಸಂಖ್ಯೆಗಳ ನಡುವೆ ಅದರ ನೆಲೆ ಗೊತ್ತಾಗಿದೆ. ಅದಕ್ಕೆ ವಿಧಿನಿಷೇಧಗಳೂ ಉಂಟು. ಪ್ರಭುದೇವರ ಶೂನ್ಯವಾದರೋ ಎಣಿಸುವವನು, ಎಣಿಕೆ, ಎಣಿಸಲ್ಪಡುವುದು ಎಂಬ ತ್ರಿಪುಟಿಯೇ ಅಳಿದ ನಿಲವು. ಬಯಲೆಂದರೂ ಅದೇ, ಅದು ಅಭಾವವಲ್ಲ. ಸಂಪಾದನೆಯೆಂದರೆ ಗಳಿಕೆ, ಏನೂ ಇಲ್ಲದುದನ್ನು ಗಳಿಸುವುದೆಂತು ಎಂಬ ವಿರೋಧಾಭಾಸವನ್ನು ಗ್ರಂಥದ ಹೆಸರೇ ಹೊತ್ತಿದೆ. ಗಣಿತದಲ್ಲಿ ವಿರೋಧ ಕಂಡುಬಂದರೆ ನಿಯಮವನ್ನು ತಿದ್ದಬೇಕಾಗುತ್ತದೆ. ಶೂನ್ಯಸಂಪಾದನೆಯಲ್ಲಿ ಅಂತಹ ವಿರೋಧವನ್ನು ತಿದ್ದುವವರಿಲ್ಲ. ಓದುಗನು ಅದರೊಡನೆಯೇ ಗೋಷ್ಠಿಯನ್ನು ಹೊಗಬೇಕು. ಗೋರಕ್ಷನ ಪ್ರಸಂಗವನ್ನೇ ನೋಡಬಹುದು. ಸಾಧನೆಯಿಂದ ವಜ್ರವಾದ ಗೋರಕ್ಷನ ಕಾಯಕ್ಕೆ ಬೀಸಿದ ಖಡ್ಗವು ಖಣಿಲೆಂದಿತು. ಪ್ರಭುವಿನ ಮೇಲೆ ಬೀಸಿದ ಖಡ್ಗವು ಎಲ್ಲಿಯೂ ತಾಗದೆ, ಬಯಲಲ್ಲಿ ಬೀಸಿದಂತೆ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹಾದುಹೋಯಿತು.